ಕೌದಿಯ ಹಿಂಬದಿ

ಹೊಲಿಗೆ ಬಲ್ಲವರ ಕೈಗೆ ಯಾವ ಬಟ್ಟೆ ಕೊಟ್ಟರೂ ಮೊದಲು ಮಗುಚಿ ಹಿಂಬದಿ ನೋಡುತ್ತಾರೆ. ಗಂಟು ಎಲ್ಲಿ ಬಿದ್ದಿದೆ, ದಾರ ಎಲ್ಲಿ ಜಗ್ಗಿದೆ, ಯಾರ ಕೈ ಎಲ್ಲಿ ಸೋತಿದೆ, ಎಲ್ಲವೂ ಅಲ್ಲಿ ಕಾಣುತ್ತದೆ. ಆದರೆ ಆ ಹೊಲಿಗೆ ಅಂಗಡಿಯ ಒಡತಿ, ಎಲ್ಲರ ಬಾಯಲ್ಲಿ ಮೇಡಂ, ಇಪ್ಪತ್ತೆರಡು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತರೂ ಒಂದೇ ಒಂದು ದಿನ ಬಟ್ಟೆ ಮಗುಚಿ ನೋಡಿದವಳಲ್ಲ. ಅವಳು ಮುಳುಗಿದ್ದು ಅದರಿಂದಲೇ. ಮುಳುಗಿಸಿದವಳು ಚಿಂದಿ.

ಚಿಂದಿ ಎಂದು ತಂದೆತಾಯಿ ಯಾರಾದರೂ ಹೆಸರಿಡುತ್ತಾರೆಯೇ? ಇಟ್ಟವಳು ಮೇಡಂ. ಕೆಲಸಕ್ಕೆ ಸೇರಿದ ಮೊದಲ ವಾರ ಹುಡುಗಿ ನೆಲದ ಮೇಲೆ ಬಿದ್ದ ಬೆರಳುದ್ದದ ಬಟ್ಟೆಚೂರುಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. "ಏನೇ, ಚಿಂದಿ ಆಯೋಕೆ ಬಂದಿದ್ಯಾ ಇಲ್ಲಿಗೆ?" ಎಂದಳು ಮೇಡಂ. ಮೆಷಿನ್ ತುಳಿಯುತ್ತಿದ್ದವರೆಲ್ಲ ನಕ್ಕರು. ಅವತ್ತಿನಿಂದ ಅದೇ ಹೆಸರು ಅಂಟಿಕೊಂಡಿತು.

ಅವಳಿಗೆ ಇಪ್ಪತ್ತನಾಲ್ಕು ವರ್ಷ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಗುಂಡಿ, ಕಾಜಾ, ಅಂಚು ಮಡಿಸುವುದು. ವಾರದಲ್ಲಿ ಮೂರು ದಿನ, ಅದಕ್ಕೂ ಮೊದಲು, ಕಂಪ್ಯೂಟರಿನಲ್ಲಿ ಉಡುಪಿನ ನಕ್ಷೆ ತೆಗೆಯುವ ತರಗತಿ. ಮನೆಯಲ್ಲಿ ಅಮ್ಮನಿಗೆ ಮಂಡಿನೋವು, ಅಡಿಗೆಯಿಂದ ಹಿಡಿದು ಮೂರನೆಯ ಮಹಡಿಗೆ ನೀರು ಹೊರುವವರೆಗೆ ಇವಳದೇ ಕೈ. ಇಷ್ಟರ ನಡುವೆ ಅವಳಿಗೊಂದು ಹುಚ್ಚಿತ್ತು. ಆ ಹುಚ್ಚಿಗೆ ಸಮಯ ಎಲ್ಲೆಲ್ಲಿ ಸಿಗುತ್ತದೆಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಳು. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ. ಬಸ್ಸಿನಲ್ಲಿ ಸೀಟು ಸಿಕ್ಕರೆ ಮೂವತ್ತೈದು. ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ಎಂಟು. ಭಾನುವಾರ, ಅಮ್ಮ ಏಳುವ ತನಕ.

ಆ ಹುಚ್ಚು ಒಂದು ಕೌದಿ. ಬಟ್ಟೆಚೂರುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ ಎಲ್ಲರಿಗೂ ಗೊತ್ತು. ಆದರೆ ಇವಳದರಲ್ಲಿ ಹದಿನಾಲ್ಕು ಚೌಕ, ಮನೆಯಿಂದ ಅಂಗಡಿಗೆ ಬರುವ ಬಸ್ಸಿನ ಹದಿನಾಲ್ಕು ಸ್ಟಾಪು. ಗ್ಯಾರೇಜಿನ ಮುಂದೆ ರಾಶಿ ಬಿದ್ದ ಟೈರು, ಆಸ್ಪತ್ರೆಯ ಹಸಿರು ಗೇಟು, ಸೇತುವೆಯ ಕಂಬಿಗೆ ಒಣಹಾಕಿದ ಹಾಸಿಗೆ. ಆರನೆಯ ಸ್ಟಾಪಿನಲ್ಲಿ ದಿನಾ ಬಸ್ಸು ತಪ್ಪಿಸಿಕೊಂಡು ಬೈಯುತ್ತಾ ನಿಲ್ಲುವ ಗಿಡ್ಡ ಮನುಷ್ಯನೊಬ್ಬನಿದ್ದ, ಅವನ ಕೈಲಿದ್ದ ಕೊಡೆಯನ್ನೂ ಬಿಟ್ಟಿರಲಿಲ್ಲ.

"ದಿನವಿಡೀ ಹೊಲಿದು ಬರ್ತೀಯ, ಬಂದ್ಮೇಲೂ ಹೊಲಿಗೇನಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?" ಎಂದು ಚಿಕ್ಕಮ್ಮ ಬಂದಾಗಲೆಲ್ಲ ರೇಗುತ್ತಿದ್ದಳು.

"ಅದು ಅವರಿಗೆ ಹೊಲಿಯೋದು ಚಿಕ್ಕಮ್ಮ. ಇದು ನನಗೆ."

"ನಿನ್ನ ವಯಸ್ಸಿಗೆ ನನಗೆ ಎರಡು ಮಕ್ಕಳಿದ್ದವು."

"ಗೊತ್ತು. ಒಬ್ಬ ನಿನ್ನ ಫೋನೇ ಎತ್ತಲ್ಲ."

ಚಿಕ್ಕಮ್ಮ ಮುಖ ಊದಿಸಿಕೊಂಡು ಹೋದಳು. ಚಿಂದಿಯ ನಾಲಿಗೆ ಹಾಗೇ, ಯಾರ ಮಾತಿನ ಸಾಲವನ್ನೂ ಇಟ್ಟುಕೊಳ್ಳುವ ಜಾತಿಯಲ್ಲ. ಅಂಗಡಿಯಲ್ಲಿ ಮಾತ್ರ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳು.

ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಮನೆಯ ಗೋಡೆಗೆ ತೇವ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆಂದು ಕೌದಿಯನ್ನು ಅಂಗಡಿಯ ಮೇಲಟ್ಟದಲ್ಲಿ ಇಟ್ಟಳು. ಕತ್ತರಿ ಹಿಡಿಯುವ ಮುದುಕ, ಮಾಸ್ಟರ್ ಎಂದೇ ಎಲ್ಲರೂ ಕರೆಯುತ್ತಿದ್ದವನು, ಅದನ್ನು ಇಳಿಸಿ ಮೊದಲು ಮಗುಚಿ ನೋಡಿದ. ಬೆರಳಾಡಿಸಿದ. "ಮನೆಗೆ ತಗೊಂಡು ಹೋಗು. ಇಲ್ಲಿ ಇಡಬೇಡ" ಎಂದ. ಯಾಕೆಂದು ಕೇಳಿದರೆ ಕತ್ತರಿ ಎತ್ತಿಕೊಂಡು ಕೆಲಸಕ್ಕೆ ತಿರುಗಿದ. ಅವಳೂ ಒತ್ತಾಯ ಮಾಡಲಿಲ್ಲ, ಅವನ ಮಾತಿನಂತೆ ಮನೆಗೆ ಒಯ್ದಿದ್ದರೆ ಚೆನ್ನಾಗಿತ್ತು.

ಆ ವರ್ಷ ಪುರಭವನದಲ್ಲಿ ಕೈಕೆಲಸದ ಪ್ರದರ್ಶನ, ಜೊತೆಗೆ ಸ್ಪರ್ಧೆಯೂ ಇತ್ತು. ಮೇಡಂ ಕೌದಿಯನ್ನು ಮೇಜಿನ ಮೇಲೆ ಹರಡಿಸಿ ನೋಡಿ, ಬೆಣ್ಣೆಯಂಥ ದನಿಯಲ್ಲಿ, "ಅಂಗಡಿ ಕಡೆಯಿಂದ ಕಳಿಸೋಣ ಕಣೇ. ಫಾರಂ ಎಲ್ಲ ನಿನಗೆ ಗೊತ್ತಾಗಲ್ಲ, ನಾನೇ ತುಂಬ್ತೀನಿ" ಎಂದಳು. ಆ ದಿನ ಬಸ್ಸಿನಲ್ಲಿ ಚಿಂದಿ ಸೂಜಿ ಹಿಡಿಯಲಿಲ್ಲ. ಗೋಡೆಗೆ ತೂಗುಹಾಕಿದ ಕೌದಿ, ಕೆಳಗೊಂದು ಕಾರ್ಡು, ಕಾರ್ಡಿನಲ್ಲಿ ತನ್ನ ನಿಜವಾದ ಹೆಸರು. ಅಷ್ಟನ್ನೇ ನೆನೆದುಕೊಂಡು ಹದಿನಾಲ್ಕು ಸ್ಟಾಪು ಕಳೆದಳು. ಅವಳಿಗೆ ಬೇಕಿದ್ದದ್ದೂ ಅಷ್ಟೇ, ಕೌದಿಯ ಕೆಳಗೆ ತನ್ನ ಹೆಸರು.

ವಾರದ ನಂತರ ಗಲ್ಲಾಪೆಟ್ಟಿಗೆಯ ಪಕ್ಕ ಫಾರಂನ ನಕಲು ಬಿದ್ದಿತ್ತು. ತಯಾರಿಸಿದವರು ಎಂಬ ಗೆರೆಯ ಮುಂದೆ ನೇರಳೆ ಶಾಯಿಯಲ್ಲಿ ಮೇಡಂ ಹೆಸರು. ಚಿಂದಿ ಅದನ್ನು ಎತ್ತಿಕೊಂಡಳು.

"ಮೇಡಂ, ಇಲ್ಲಿ ನನ್ನ ಹೆಸರು..."

"ನಿನ್ನ ಹೆಸರು ಹಾಕಿದ್ರೆ ಯಾರು ತಿರುಗಿ ನೋಡ್ತಾರೆ?" ಮೇಡಂ ತಲೆ ಕೂಡ ಎತ್ತಲಿಲ್ಲ. "ಬಟ್ಟೆ ನನ್ನ ಅಂಗಡೀದು, ದಾರ ನನ್ನ ಅಂಗಡೀದು. ನೀನೂ ನನ್ನ ಅಂಗಡಿಯವಳೇ ತಾನೇ?"

ಥೂ! ಎಂಥ ಮಾತು ನೋಡಿ. ದಾರ ಚಿಂದಿ ಸ್ವಂತ ದುಡ್ಡಿನಲ್ಲಿ ಕೊಂಡಿದ್ದಳು, ಬಟ್ಟೆ ಕಸದ ಬುಟ್ಟಿಯದು. ಇದನ್ನೆಲ್ಲ ಹೇಳಬಹುದಿತ್ತು, ಹೇಳಿದರೆ ಅರ್ಧ ಗಂಟೆ ಜಗಳ, ಆಮೇಲೆ ಮೇಡಂ ಬಾಗಿಲು ತೋರಿಸುತ್ತಿದ್ದಳು, ಕೌದಿಯೂ ಹೋಗುತ್ತಿತ್ತು. ಚಿಂದಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಅಳು ಬರಲಿಲ್ಲ. ಬಂದದ್ದು ಸಿಟ್ಟು, ಹೊಟ್ಟೆಯೊಳಗೆ ಇಳಿದು ಗಟ್ಟಿಯಾಗಿ ಕೂರುವ ಸಿಟ್ಟು. ಇದು ನಾನು ಹೊಲಿದದ್ದಲ್ಲ ಎಂಬ ಮಾತು ಮೇಡಂ ಬಾಯಿಂದಲೇ ಬರಬೇಕು, ನಾಲ್ಕು ಜನರ ಮುಂದೆ ಬರಬೇಕು ಎಂದು ಅಲ್ಲೇ ನಿಂತು ನಿಶ್ಚಯಿಸಿದಳು. ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ದಾರಿ ತೋರಿಸಿದವಳು ಸ್ವತಃ ಮೇಡಂ. ಎರಡು ದಿನದ ಮೇಲೆ ಕರೆದು, "ಅಂಚು ಬೋಳುಬೋಳಾಗಿದೆ ಕಣೇ. ಒಳ್ಳೊಳ್ಳೆ ಬಟ್ಟೆಯಲ್ಲಿ ಅಗಲವಾಗಿ ಕೊಡು. ಟ್ರಂಕಿಂದ ತಗೋ. ಸಣ್ಣ ಸಣ್ಣ ತುಂಡು ಹಾಕು, ಯಾರಿಗೆ ಗೊತ್ತಾಗುತ್ತೆ?" ಎಂದು ಬೀಗದ ಕೈ ಎಸೆದಳು.

ಒಳಕೋಣೆಯ ಆ ಟ್ರಂಕಿನ ಕತೆ ಹೇಳಲೇಬೇಕು. ಗಿರಾಕಿಗಳು ಬಟ್ಟೆ ತಾವೇ ತಂದುಕೊಡುತ್ತಿದ್ದರು. ಎರಡೂವರೆ ಮೀಟರಿನಲ್ಲಿ ಆಗುವ ಗೌನಿಗೆ ಮೂರೂವರೆ ಕೇಳುವುದು, ಮಾಸ್ಟರ್ ಕತ್ತರಿಸುವಾಗ ಉಳಿಸುವುದು, ಗಿರಾಕಿ ಬಂದರೆ ಬಟ್ಟೆ ಸಾಲಲೇ ಇಲ್ಲ ಎನ್ನುವುದು, ಉಳಿದದ್ದರಲ್ಲಿ ಮಕ್ಕಳ ಫ್ರಾಕು ಹೊಲಿಸಿ ಮಾರುವುದು. ಅದೇ ಬಟ್ಟೆಯ ಫ್ರಾಕು ಅದೇ ಗಿರಾಕಿಯ ಕಣ್ಣಿಗೆ ಬಿದ್ದರೆ? ಅದಕ್ಕೆ ಮೇಡಂ ಭಾರೀ ಬುದ್ಧಿ ಓಡಿಸಿ, ಒಂದೊಂದು ಸುರುಳಿಗೂ ತನ್ನ ಕೈಯಾರೆ ಬಟ್ಟೆಯ ಚೀಟಿ ಬರೆದು ಕಟ್ಟುತ್ತಿದ್ದಳು. ನೇರಳೆ ಶಾಯಿ, ಯಾರು ಬೇಕಾದರೂ ಗುರುತಿಸುವ ದುಂಡು ಅಕ್ಷರ. "ಟೀಚರ್, ನೀಲಿ ಹಕ್ಕಿ, ಮುಕ್ಕಾಲು ಮೀಟರ್. ಅವರ ಮನೆ ಕಡೆ ಮಾರಬಾರದು."

ಚಿಂದಿ ಆ ಚೀಟಿಯನ್ನು ಮೂರು ಸಲ ಓದಿದಳು. ನಗು ಬಂತು. ಎರಡು ದಿನದಿಂದ ಹೊಟ್ಟೆಯೊಳಗೆ ಕೂತಿದ್ದ ಕಲ್ಲು ಒಂದಿಷ್ಟು ಅಲುಗಾಡಿದ ಹಾಗಾಯಿತು.

ಹನ್ನೊಂದು ಗಿರಾಕಿಗಳನ್ನು ಆರಿಸಿದಳು, ಬಾಯಿ ಜೋರಿದ್ದವರನ್ನೇ. ಸಣ್ಣ ಸಣ್ಣ ತುಂಡು ಎಂದಿದ್ದಳಲ್ಲ ಮೇಡಂ, ಇವಳು ಅಂಗೈಯಗಲ ಹಾಕಿದಳು. ಒಂದೊಂದು ತುಂಡಿನ ಹಿಂಬದಿಗೂ ಅದರದೇ ಚೀಟಿ ಇಟ್ಟು ನಾಲ್ಕು ಮೂಲೆಗೆ ಹೊಲಿದಳು. ಇಡೀ ಅಂಚನ್ನು ಮಾತ್ರ ಕಚ್ಚಾ ಹೊಲಿಗೆಯಲ್ಲಿ ಕೂರಿಸಿದಳು, ಒಂದು ದಾರ ಎಳೆದರೆ ಬಿಚ್ಚಿಬರುವ ಹಾಗೆ. ಕೆಲಸದ ನಡುವೆ, ನಿಗದಿಯಾದ ಸಮಯದಲ್ಲೇ, ಮೇಡಂ ಕಣ್ಣೆದುರೇ ಹೊಲಿದಳು. ಮುಗಿದ ದಿನ ಮೇಡಂ ಮುಂಭಾಗ ನೋಡಿ, "ಈಗ ಕಳೆ ಬಂತು ನೋಡು" ಎಂದಳು. ಮಗುಚಲಿಲ್ಲ.

ಆಮೇಲೆ ಚಿಂದಿ ಫೋನು ಹಿಡಿದು ಕೂತಳು. "ಮೇಡಂ ಹೊಲಿದ ಕೌದಿ ಪುರಭವನದಲ್ಲಿದೆ ಅಮ್ಮಾ. ನೀವು ಬರಲೇಬೇಕಂತೆ. ಶನಿವಾರ ಹನ್ನೊಂದು ಗಂಟೆಗೆ." ಹನ್ನೊಂದು ಜನರಿಗೂ ಇದೇ ಮಾತು. ಪಕ್ಕದಲ್ಲೇ ಕೂತಿದ್ದ ಮೇಡಂ, "ಚೆನ್ನಾಗಿ ಹೇಳ್ತೀಯ ಕಣೇ" ಎಂದು ಮೆಚ್ಚಿಕೊಂಡಳು. ಯಾವ ಬಟ್ಟೆ ಯಾರದೆಂಬುದು ಅವಳ ಚೀಟಿಗಳಿಗೆ ಗೊತ್ತಿತ್ತು, ಅವಳ ತಲೆಗಲ್ಲ.

ಶನಿವಾರ ಮೇಡಂ ಹೊಸ ಗೌನು ತೊಟ್ಟು ಕೌದಿಯ ಪಕ್ಕ ನಿಂತಿದ್ದಳು. ಪ್ರದರ್ಶನದ ಅಧ್ಯಕ್ಷೆ ಬಂದು ಕೌದಿಯ ಚೌಕದಲ್ಲಿದ್ದ ಗಿಡ್ಡ ಮನುಷ್ಯನನ್ನು ತೋರಿಸಿ, "ಇವರು ಯಾರು?" ಎಂದು ಕೇಳಿದರು.

"ನಮ್ಮ ತಾತ" ಎಂದಳು ಮೇಡಂ. "ಎಲ್ಲ ನನ್ನ ಬಾಲ್ಯದ ನೆನಪುಗಳು."

ಕಂಬದ ಹತ್ತಿರ ನಿಂತಿದ್ದ ಚಿಂದಿ ತುಟಿ ಕಚ್ಚಿಕೊಂಡಳು. ಹುಟ್ಟಿದಾಗಿನಿಂದ ಬಸ್ಸು ಹತ್ತದವಳಿಗೆ ಬಸ್ ಸ್ಟಾಪಿನಲ್ಲಿ ತಾತ!

ಹನ್ನೊಂದು ದಾಟಿದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಟೀಚರ್ ಚೌಕಗಳನ್ನು ನೋಡಿದರು, ಅಂಚು ನೋಡಿದರು, ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು.

"ಈ ನೀಲಿ ಹಕ್ಕಿ ಬಟ್ಟೆ ನಮ್ಮಕ್ಕ ತಂದುಕೊಟ್ಟಿದ್ದು. ಸಾಲಲಿಲ್ಲ ಅಂತ ಹೇಳಿ ನನ್ನ ಗೌನಿಗೆ ತೋಳೇ ಇಡಲಿಲ್ಲ ನೀವು. ಇಲ್ಲಿ ಹೇಗೆ ಬಂತು?"

"ಅಯ್ಯೋ, ಅಂಥ ಬಟ್ಟೆ ಎಲ್ಲ ಕಡೆ ಸಿಗುತ್ತಲ್ಲ ಟೀಚರ್" ಎಂದು ಮೇಡಂ ನಕ್ಕಳು.

"ಇದು ನನ್ನ ಕೋಟಿಂದು!" ವಕೀಲರ ಹೆಂಡತಿ ಇನ್ನೊಂದು ಬದಿಯಿಂದ ಕೂಗಿದರು. ಆಕೆ ಮೊದಲೇ ಹೊಲಿಗೆ ಬಲ್ಲ ಹೆಂಗಸು, ಅಂಚು ಹಿಡಿದು ಸರಕ್ಕನೆ ಮಗುಚಿಯೇ ಬಿಟ್ಟರು. ಚೀಟಿ ಇತ್ತು. ಗಟ್ಟಿಯಾಗಿ ಓದಿದರು: "ವಕೀಲರ ಮನೆ, ಕಂದು ಉಣ್ಣೆ, ಒಂದು ಮೀಟರ್. ಅವರಿಗೆ ಕಾಣುವ ಹಾಗೆ ಇಡಬಾರದು."

ಸುತ್ತ ಗುಂಪು ಸೇರಿತು. ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆ ಹುಡುಕಿ ಮಗುಚತೊಡಗಿದರು. ಮೇಡಂ ಮುಖದಲ್ಲಿ ನೀರಿಳಿಯಿತು.

"ಯಾರ ಅಕ್ಷರ ಇದು?" ಟೀಚರ್ ತಮ್ಮ ಪರ್ಸಿನಿಂದ ಮೇಡಂ ಬರೆದುಕೊಟ್ಟಿದ್ದ ಹಳೆಯ ರಸೀದಿ ತೆಗೆದು ಪಕ್ಕಕ್ಕೆ ಹಿಡಿದರು. "ಅದೇ ಶಾಯಿ. ಅದೇ ದುಂಡು ಅಕ್ಷರ. ನೀವೇ ಹೊಲಿದಿದ್ದು, ನೀವೇ ಬರೆದಿದ್ದು. ಕದ್ದ ಮಾಲನ್ನ ಗೋಡೆಗೆ ತೂಗುಹಾಕಿ ನಮ್ಮನ್ನೇ ಕರೆಸಿದ್ದೀರಲ್ಲ, ಎಷ್ಟು ಧೈರ್ಯ ನಿಮಗೆ!"

ಆಗ ಬಂತು ಆ ಮಾತು.

"ನಾನು ಹೊಲಿದಿದ್ದಲ್ಲ ಇದು!" ಮೇಡಂ ಕಿರುಚಿದಳು. "ಒಂದು ಹೊಲಿಗೇನೂ ನಾನು ಹಾಕಿಲ್ಲ. ಎಲ್ಲ ಅವಳು ಹೊಲಿದಿದ್ದು, ಆ ಚಿಂದಿ, ಅಲ್ಲಿ ನಿಂತಿದಾಳಲ್ಲ, ಅವಳು!"

ಎಲ್ಲರೂ ತಿರುಗಿದರು. ಚಿಂದಿ ನಿಧಾನವಾಗಿ ಮುಂದೆ ಬಂದಳು.

"ಇನ್ನೊಂದ್ಸಲ ಹೇಳಿ ಮೇಡಂ. ಹಿಂದಿದ್ದವರಿಗೆ ಕೇಳಿಸಲಿಲ್ಲ."

"ನೀನೇ ಹೊಲಿದಿದ್ದು! ಪೂರ್ತಿ ನೀನೇ ಹೊಲಿದಿದ್ದು!"

"ಹೌದು" ಎಂದಳು ಚಿಂದಿ. "ಚೀಟಿ ನೀವು ಬರೆದಿದ್ದು, ಟ್ರಂಕಿನ ಬೀಗದ ಕೈ ನೀವು ಕೊಟ್ಟಿದ್ದು. ಉಳಿದಿದ್ದೆಲ್ಲ ನನ್ನದು."

ಅಧ್ಯಕ್ಷೆ ಫಾರಂ ತರಿಸಿ ನೋಡಿದರು. ಹೆಸರು ಸುಳ್ಳಾದ್ದರಿಂದ ಕೌದಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂದರು, ಕಾರ್ಡು ಕಿತ್ತರು. ಚಿಂದಿ ನೆಲದ ಮೇಲೆ ಕೂತು ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು, ದಾರದ ತುದಿ ಹುಡುಕಿ ಎಳೆದಳು. ಅಂಚು ಸರಸರ ಬಿಚ್ಚಿಬಂತು. ಕತ್ತರಿ ತೆಗೆದು ಹನ್ನೊಂದು ತುಂಡನ್ನೂ ಬಿಡಿಸಿ, ಚೀಟಿ ಸಮೇತ, ಹನ್ನೊಂದು ಜನರ ಕೈಗೆ ಕೊಟ್ಟಳು. ಟೀಚರ್ ನೀಲಿ ಹಕ್ಕಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡರು. ಮೇಡಂ ಅಷ್ಟರಲ್ಲಿ ಯಾವ ಬಾಗಿಲಿನಿಂದ ಹೋದಳೋ ಯಾರೂ ನೋಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮಾಸ್ಟರ್ ಕೂತಿದ್ದ. ಅವನು ಬರುತ್ತಾನೆಂದು ಚಿಂದಿ ಅಂದುಕೊಂಡಿರಲಿಲ್ಲ.

"ಆ ಬಟ್ಟೆಯೆಲ್ಲ ಕತ್ತರಿಸಿದ್ದು ನಾನು" ಎಂದ. "ನಾಳೆಯಿಂದ ಯಾರೂ ನನ್ನ ಕೈಗೆ ಬಟ್ಟೆ ಕೊಡಲ್ಲ. ಅದನ್ನ ಯೋಚ್ನೆ ಮಾಡಿದ್ಯಾ?"

ಅಂಗಡಿಯಲ್ಲಿ ಅವಳನ್ನು ಒಂದು ದಿನವೂ ಚಿಂದಿ ಎನ್ನದೆ ಮಗಳೇ ಎನ್ನುತ್ತಿದ್ದವನು ಅವನೊಬ್ಬನೇ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಮಾಡಿದ್ದೆ ಮಾಸ್ಟರ್. ಮಾಡಿಯೇ ಹೊಲಿದೆ."

ಅವನು ಕೌದಿಯ ಮೂಲೆ ಹಿಡಿದು ಮಗುಚಿದ. ಬಹಳ ಹೊತ್ತು ನೋಡಿದ. "ಗಂಟು ಒಂದೂ ಕಾಣಲ್ಲ" ಎಂದು ಹೇಳಿ, ಎದ್ದು, ಬೀದಿಯ ಆ ಕಡೆಗೆ ನಡೆದುಹೋದ. ಅವಳು ಕರೆಯಲಿಲ್ಲ. ಪಶ್ಚಾತ್ತಾಪ ಆಯಿತೇ ಎಂದು ಕೇಳಿದರೆ, ಅವನ ವಿಷಯಕ್ಕೆ ಆಯಿತು, ಮೇಡಂ ವಿಷಯಕ್ಕೆ ಎಳ್ಳಷ್ಟೂ ಇಲ್ಲ.

ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಕೆಲಸ ಹೋಗಿತ್ತು, ಸ್ಪರ್ಧೆಯೂ ಹೋಗಿತ್ತು. ಕೌದಿ ತೊಡೆಯ ಮೇಲಿತ್ತು. ಆರನೆಯ ಸ್ಟಾಪಿನಲ್ಲಿ ಗಿಡ್ಡ ಮನುಷ್ಯ ಅವತ್ತು ಬಸ್ಸು ತಪ್ಪಿಸಿಕೊಳ್ಳದೆ ಏದುಸಿರು ಬಿಡುತ್ತಾ ಹತ್ತಿ, ಪಕ್ಕದಲ್ಲಿ ಕೂತು, ಕೊಡೆಯನ್ನು ಕಾಲ ಮಧ್ಯೆ ಇಟ್ಟುಕೊಂಡ. ಅವಳು ನಕ್ಕಿದ್ದು ಯಾಕೆಂದು ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ಬಾಗಿಲಿಗೇ ಬಂದು ನಿಂತಿದ್ದಳು, ಮಂಡಿ ನೋವನ್ನೂ ಮರೆತು.

"ಬಹುಮಾನ ಬಂತೇನೇ?"

"ಬಂತಮ್ಮ."

"ಎಲ್ಲಿ, ತೋರಿಸು?"

"ತೋರಿಸೋಕಾಗಲ್ಲ." ಚಿಂದಿ ಕೌದಿಯನ್ನು ಮಂಚದ ಮೇಲೆ ಹರಡಿ, ಅಮ್ಮನ ಕೈ ಹಿಡಿದು ಅದರ ಮೇಲೆ ಕೂರಿಸಿದಳು. "ಮೇಡಂ ಬಾಯಿಂದ ಬಂತು. ಎರಡು ಸಲ."