ಎಣ್ಣೆ ಕುಡಿದ ಬ್ರೇಕು

ತೊಂಬತ್ತರ ದಶಕದಲ್ಲಿ ನಾನು ಹನುಮಂತನಗರದ ಒಂದು ಔಟ್‌ಹೌಸಿನಲ್ಲಿ ಒಬ್ಬನೇ ಇದ್ದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವವರು ಇರಲಿಲ್ಲ. ಬೆಳಗ್ಗೆ ಎದ್ದು, ಅನ್ನ ಮಾಡಿ ಡಬ್ಬಿಗೆ ತುಂಬಿಕೊಂಡು ಸ್ಕೂಟರ್ ಹೊರಗೆ ತೆಗೆಯುವವರೆಗೂ ನನ್ನ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ.

ದಿನದ ಮೊದಲ ಮಾತು ಕೇಳಿಸುತ್ತಿದ್ದುದು ಬೆನ್ನ ಹಿಂದಿನಿಂದ. ಅವೆನ್ಯೂ ರಸ್ತೆಯ ನಮ್ಮ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ, ನನಗಿಂತ ಹಿರಿಯರಾದ ಗುಮಾಸ್ತರೊಬ್ಬರು ಪಕ್ಕದ ಬೀದಿಯ ಮೂಲೆಯಲ್ಲಿ ಕಾಯುತ್ತಿದ್ದರು. ಹಿಂದೆ ಕೂತವರೇ ಶುರು ಮಾಡುತ್ತಿದ್ದರು: ಮಗಳ ಲೆಕ್ಕದ ಮಾರ್ಕ್ಸು, ನಲ್ಲಿಯಲ್ಲಿ ಬಾರದ ನೀರು, ಹೆಂಡತಿಯ ಮೊಣಕಾಲು ನೋವು. ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ನಾನು ಹೂಂಗುಟ್ಟುತ್ತಿದ್ದೆ. ಎಷ್ಟೋ ಸಲ, ಬೇರೆ ಯಾರಿಗೂ ಹೇಳದ ಅಮ್ಮನ ಕೊನೆಯ ದಿನಗಳ ವಿಷಯ ನಾನು ಅವರಿಗೆ ಹೇಳಿಕೊಂಡಿದ್ದೇನೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಬೆಳಗ್ಗೆ ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಬಾಳೆಹಣ್ಣಿನ ತಳ್ಳುಗಾಡಿ ಅಡ್ಡ ಬಂತು. ಹಿಂದಿನ ಬ್ರೇಕ್ ತುಳಿದೆ. ಪೆಡಲ್ ಕೆಳಗಿಳಿಯಿತು, ಸ್ಕೂಟರ್ ನಿಲ್ಲಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದೆ. ಚಕ್ರ ಜಾರಿ ಇಬ್ಬರೂ ಬಿದ್ದೆವು. ನನ್ನ ಮೊಣಕೈ ತರಚಿತು. ಅವರು ಬಲಗೈ ಊರಿ ಬಿದ್ದಿದ್ದರು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ, "ನಿಮಗೇನೂ ಆಗ್ಲಿಲ್ವಲ್ಲ?" ಎಂದು ಅವರೇ ನನ್ನನ್ನು ಕೇಳಿದರು. ಪ್ಲಾಸ್ಟರ್ ಹಾಕಿಸಿ ಮನೆಗೆ ಬಿಟ್ಟಾಗ ಅವರ ಹೆಂಡತಿ ಬೈಯಲಿಲ್ಲ. ನನ್ನ ಕೈಯಿಂದ ಅವರ ಚೀಲ ತೆಗೆದುಕೊಂಡು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನಮ್ಮ ಬಡಾವಣೆಯ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿದ. ಬ್ರೇಕ್ ಡ್ರಮ್ಮಿನ ಒಳಗೆಲ್ಲ ಕಪ್ಪು ಜಿಡ್ಡು.

"ಒಳಗಡೆ ಆಯಿಲ್ ತಡೆಯೋ ಸೀಲ್ ಹೋಗಿದೆ ಸಾರ್. ಡ್ರಮ್ಮನ್ನ ಒತ್ತಿ ಹಿಡಿಯೋ ಬ್ರೇಕ್ ಶೂ ಮೇಲೆ ಗೇರ್ ಆಯಿಲ್ ಇಳಿದಿದೆ. ಹೊರಗಡೆಯಿಂದ ಗೊತ್ತೇ ಆಗಲ್ಲ."

"ಪೆಟ್ರೋಲಲ್ಲಿ ತೊಳೆದ್ರೆ ಹೋಗಲ್ವಾ?"

"ಡ್ರಮ್ಮಿಂದು ಹೋಗುತ್ತೆ, ಅದು ಕಬ್ಬಿಣ. ಶೂ ಎಣ್ಣೆ ಕುಡಿದುಬಿಟ್ಟಿದೆ. ಮೇಲೆ ಒಣಗಿದಂಗೆ ಕಾಣ್ಸುತ್ತೆ, ಬಿಸಿಯಾದ್ರೆ ಮತ್ತೆ ಬಿಡುತ್ತೆ. ಹೊಸದು ಹಾಕೋಣ."

ಸೀಲ್ ಬದಲಾಯಿಸುವುದು ಅವನ ಕೆಲಸ. ಡ್ರಮ್ ನಾನು ತೊಳೆಯುತ್ತೇನೆ ಎಂದೆ. ಅವನು ಆಶ್ಚರ್ಯದಿಂದ ನೋಡಿ ಒಂದು ಬ್ರಷ್ಷು, ಪೆಟ್ರೋಲ್ ಡಬ್ಬಿ, ಹಳೇ ಬಟ್ಟೆ ಕೊಟ್ಟ. ಗ್ಯಾರೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಿಕ್ಕಿದೆ. ಒರೆಸಿದಾಗಲೆಲ್ಲ ಬಟ್ಟೆ ಕಪ್ಪಾಗುತ್ತಿತ್ತು. ಮತ್ತೆ ಪೆಟ್ರೋಲು, ಮತ್ತೆ ಬಟ್ಟೆ. ಕೊನೆಗೆ ಬಟ್ಟೆ ಬೆಳ್ಳಗೇ ಉಳಿದಾಗ ಮರಳು ಕಾಗದದಿಂದ ಒಮ್ಮೆ ಉಜ್ಜಿ, ಬೆರಳು ತಾಗಿಸದೆ ಒಣಗಲು ಬಿಟ್ಟೆ. ಗುಮಾಸ್ತರೆದುರು ನಿಂತು "ನಾನೇ ಕೂತು ತೊಳೆದಿದೀನಿ" ಎಂದು ಹೇಳಬೇಕಿತ್ತು ನನಗೆ.

ಭಾನುವಾರ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಬ್ರೇಕ್ ಹಿಡಿಯಿತು. ಆದರೆ ಒಬ್ಬನೇ ಇದ್ದಾಗ ಹಿಡಿದರೆ ಸಾಲದಲ್ಲ. ಮನೆಯಿಂದ ಅಕ್ಕಿ ಮೂಟೆ ತಂದು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆ. ಇಳಿಜಾರಿನಲ್ಲಿ ಹೋಗುವುದು, ನಿಲ್ಲಿಸುವುದು, ತಿರುಗಿಸಿಕೊಂಡು ಮತ್ತೆ ಹತ್ತುವುದು. ಗೇಟಿನಲ್ಲಿ ನಿಂತಿದ್ದ ಮುದುಕರೊಬ್ಬರು, "ಅಕ್ಕಿ ಎಲ್ಲಿಗೆ ತಗೊಂಡು ಹೋಗ್ತಿದೀರಿ?" ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದೆ.

ಪ್ಲಾಸ್ಟರ್ ಬಿಚ್ಚಿದ ವಾರ ಅವರ ಮನೆಗೆ ಹೋದೆ. ಹೊಸ ಸೀಲು, ಹೊಸ ಶೂ, ಡ್ರಮ್ ತೊಳೆದದ್ದು, ಅಕ್ಕಿ ಮೂಟೆ ಎಲ್ಲ ಹೇಳಿದೆ. ಅವರು ನಕ್ಕರು. ಆಮೇಲೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ನಿಮ್ಮ ಮೇಲೆ ಅನುಮಾನ ಇಲ್ಲಪ್ಪ. ಗಾಡಿ ಮೇಲೂ ಇಲ್ಲ. ಇವಳು ಹೆದರಿಬಿಟ್ಟಿದಾಳೆ. ಬಸ್ಸಲ್ಲೇ ಹೋಗ್ತೀನಿ."

ಅವರ ಹೆಂಡತಿ ಕಾಫಿ ತಂದುಕೊಟ್ಟರು. "ತಪ್ಪು ತಿಳ್ಕೋಬೇಡಿ," ಎಂದರು. ಇಲ್ಲ ಎಂದೆ. ನಿಜಕ್ಕೂ ತಪ್ಪು ತಿಳಿದುಕೊಂಡಿರಲಿಲ್ಲ.

ಆಮೇಲೆ ದಿನವೂ ಬಸ್ ನಿಲ್ದಾಣದ ಮುಂದೆ ಹಾದುಹೋಗುತ್ತಿದ್ದೆ. ಅವರು ಕೈ ಎತ್ತುತ್ತಿದ್ದರು, ನಾನು ಹಾರ್ನ್ ಮಾಡುತ್ತಿದ್ದೆ. ಚಾಮರಾಜಪೇಟೆ ಬರುವಷ್ಟರಲ್ಲಿ ಹೇಳಬೇಕೆಂದುಕೊಂಡಿದ್ದು ಒಳಗೇ ಆರಿಹೋಗುತ್ತಿತ್ತು. ಒಂದು ಸೋಮವಾರ ಸ್ಕೂಟರಿಗೆ ಬೀಗ ಹಾಕಿ ನಾನೂ ನಿಲ್ದಾಣಕ್ಕೆ ಹೋದೆ.

"ಯಾಕೆ, ಮತ್ತೆ ಬ್ರೇಕ್ ತೊಂದ್ರೆನಾ?"

"ಹಾಗೇನಿಲ್ಲ. ಸುಮ್ನೆ."

ಬಸ್ ತುಂಬಿಕೊಂಡೇ ಬಂತು. ಅವರನ್ನು ಜನ ಮುಂದಕ್ಕೆ ತಳ್ಳಿದರು, ನಾನು ಹಿಂದೆ ಕಂಬಿ ಹಿಡಿದು ನಿಂತೆ. ಸುಮಾರು ದಿನ ಹೀಗೇ ಆಯಿತು. ಒಮ್ಮೆ ಮಾತ್ರ ಅವರ ಪಕ್ಕದ ಸೀಟು ಖಾಲಿಯಾಗಿ, "ಬನ್ನಿ, ಬನ್ನಿ," ಎಂದು ಕರೆದು ಕೂರಿಸಿಕೊಂಡರು. ನನಗೆ ಖುಷಿಯಾಯಿತು. ಆದರೆ ಮಾರ್ಕೆಟ್ ಬರುವವರೆಗೂ ಇಬ್ಬರಿಗೂ ಮಾತು ಹುಟ್ಟಲಿಲ್ಲ. ಅವರು ಕಿಟಕಿಯ ಹೊರಗೆ ನೋಡಿದರು, ನಾನು ಮುಂದಿನವರ ತಲೆ ನೋಡಿದೆ. ಸ್ಕೂಟರಿನ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಅದಕ್ಕೇ ಅಷ್ಟು ಮಾತಾಡುತ್ತಿದ್ದೆವೋ ಏನೋ.

ಮರುವರ್ಷ ಅವರಿಗೆ ಮಲ್ಲೇಶ್ವರದ ಕಚೇರಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು, ಬಿರುಕು ಬಿಟ್ಟಿದ್ದ ಆ ಕೈಯಿಂದಲೇ ನನ್ನ ಕೈ ಹಿಡಿದುಕೊಂಡರು. "ಮನೆ ಕಡೆ ಬರ್ತಿರಿ," ಎಂದರು. ಒಂದೆರಡು ಸಲ ಹೋದೆ. ಆಮೇಲೆ ಅದೂ ನಿಂತಿತು.