ಬೆಲ್ಟಿನ ಹಂಪಕ್ಕ ಹೇಳಿದ್ದು

ರಾಯದುರ್ಗದ ಜೀನ್ಸ್ ಶೆಡ್ಡುಗಳಲ್ಲಿ ಹೆಣ್ಣುಮಕ್ಕಳನ್ನು ಅವರ ಕೆಲಸ ಸೇರಿಸಿಯೇ ಕರೆಯುತ್ತಾರೆ. ಚೈನು ಕೂಡಿಸುವವಳು ಚೈನಿನ ಈಶ್ವರಮ್ಮ. ಪ್ಯಾಂಟಿನ ಸೊಂಟಪಟ್ಟಿ, ಅವರ ಮಾತಿನಲ್ಲಿ ಬೆಲ್ಟು, ಹೊಲಿಯುವವಳು ಬೆಲ್ಟಿನ ಹಂಪಕ್ಕ. ಬೆಲ್ಟು ಎಲ್ಲರ ಕೈಗೂ ಒಗ್ಗುವುದಿಲ್ಲ. ಆ ಸಣ್ಣ ಶೆಡ್ಡುಗಳಲ್ಲಿ ಆ ಕೆಲಸಕ್ಕೆ ಒಬ್ಬಳೇ ಇರುತ್ತಾಳೆ. ರೇವತಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಳ ತಾಯಿ ಮಂಜುಳಮ್ಮ ಹಂಪಕ್ಕನ ಸಾಲಿನಲ್ಲೇ ಕೂತು ಹನ್ನೆರಡು ವರ್ಷ ಸೊಂಟಪಟ್ಟಿಯ ಕುಣಿಕೆ, ಅಂದರೆ ಲೂಪು, ಹೊಲಿದವಳು. ಶಾಲೆಯ ರಜೆಯಲ್ಲಿ ರೇವತಿಯೂ ಆ ಮಿಷಿನ್ನುಗಳ ಪಕ್ಕ ಕೂತು ದಾರದ ತುದಿ ಕತ್ತರಿಸಿದ್ದಳು. ಗೊತ್ತಿದ್ದೂ ತಪ್ಪು ಮಾಡಿದಳು.

ಅದು 2017ನೇ ಇಸವಿ. ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಅವಳು ಸಾರ್ವಜನಿಕ ಆರೋಗ್ಯದ ಎಂ.ಎ. ಎರಡನೇ ವರ್ಷದಲ್ಲಿದ್ದಳು. ರೋಗದ ಲೆಕ್ಕ ಹಿಡಿಯುವವರು ಬೇರೆ ಇದ್ದರು. ಇವಳ ವಿಭಾಗದವರು ಜನರ ನಡವಳಿಕೆಯನ್ನು ಓದುವವರು. 'ಜನ ಯಾಕೆ ಹೀಗೆ ಮಾಡುತ್ತಾರೆ ಎಂದು ಕೇಳುವ ಮೊದಲು, ಅವರು ಬೇರೆ ಏನು ಮಾಡಬಹುದಿತ್ತು ನೋಡು' ಎಂದು ಅವಳ ಗೈಡ್ ಮೇಡಂ ಹೇಳುತ್ತಿದ್ದರು. ಆ ಮಾತು ಕೇಳಿದ ದಿನವೇ ರೇವತಿಗೆ ತನ್ನ ವಿಷಯ ಸಿಕ್ಕಿತ್ತು: ಹೊಲಿಗೆಯ ಹೆಂಗಸರು ಕೆಲಸದ ಹೊತ್ತಿನಲ್ಲಿ ನೀರು ಯಾಕೆ ಕುಡಿಯುವುದಿಲ್ಲ?

ಮೂವತ್ತೆರಡು ಜನರನ್ನು ಅವರವರ ಮನೆಗೇ ಹೋಗಿ ಮಾತಾಡಿಸಿದಳು. ಹಂಪಕ್ಕನ ಮನೆಯಲ್ಲಿ ಒಪ್ಪಿಗೆಯ ಕಾಗದ ಓದಿ ಹೇಳಿದಾಗ ಆಕೆ ನಕ್ಕಳು.

"ನೀರು ಕುಡಿಯೋದು ಕಲಿಯಾಕ ಎರಡು ವರ್ಷ ಓದಬೇಕೇನವ್ವಾ?"

"ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ, ಚಿಗವ್ವಾ. ಬೇಕಾದ್ರ ಹೇಳ್ರಿ, ಬ್ಯಾಡಾದ್ರ ಬಿಡ್ರಿ."

"ನಿನ್ನ ಮುಂದ ಬ್ಯಾಡಾಗೋದೇನೈತಿ? ನಮ್ಮ ಮಂಜುಳನ ಮಗಳು ನೀನು."

ಹಂಪಕ್ಕ ಬೊಮ್ಮನಹಾಳ್ ಕಡೆಯವಳು. ಕಾಲುವೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳು ಮದುವೆಯಾದ ಮೇಲೆ ಗಂಡನ ಜೊತೆ ಬೆಂಗಳೂರಿನ ಗಾರ್ಮೆಂಟಿಗೆ ಹೋದಳು. ಮೂರನೇ ಹೆರಿಗೆಯ ನಂತರ ಇಲ್ಲಿಗೆ ಬಂದು ಶೆಡ್ಡು ಸೇರಿದಳು. ಶೆಡ್ಡಿಗೆ ಇರುವುದು ಒಂದೇ ಪಾಯಿಖಾನೆ, ಗಂಡಸರು ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿ. ಅದರ ಚಿಲಕ ಮುರಿದು ವರ್ಷವಾಗಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಹಂಪಕ್ಕ ತುಟಿಗೆ ನೀರು ತಾಗಿಸುತ್ತಿರಲಿಲ್ಲ. ಇಷ್ಟನ್ನು ಎಲ್ಲರೂ ಹೇಳಿದ್ದರು. ಹಂಪಕ್ಕ ಇನ್ನೂ ಒಂದು ಮಾತು ಹೇಳಿದಳು. ಆ ಹೆರಿಗೆಯಿಂದ ತನಗೆ ಮೂತ್ರ ನಿಲ್ಲುವುದಿಲ್ಲ. ಕೆಮ್ಮಿದರೆ, ಬಂಡಲ್ ಎತ್ತಿದರೆ ಹೋಗಿಬಿಡುತ್ತದೆ. ಸ್ಟೂಲಿನ ಮೇಲೆ ಜೀನ್ಸಿನ ಚಿಂದಿ ಮಡಚಿ ಹಾಕಿಕೊಂಡು ಕೂರುತ್ತಾಳೆ. ಗಂಡನಿಗೂ ಗೊತ್ತಿಲ್ಲ.

ರೇವತಿಯ ಕಣ್ಣು ತುಂಬಿತು. ಬಳ್ಳಾರಿಯಲ್ಲಿ ಇದಕ್ಕೆ ಹೆಣ್ಣು ಡಾಕ್ಟರಿದ್ದಾರೆ ಎಂದು ಹೇಳಿದಳು. ಅದೇ ಹೊತ್ತಿಗೆ ಅವಳ ಮನಸ್ಸಿನ ಒಂದು ಮೂಲೆ, ಇದು ಅಧ್ಯಾಯದ ಮೊದಲ ಸಾಲಾಗುತ್ತದೆ ಎಂದು ಗುರುತು ಹಾಕಿಕೊಂಡಿತು. ಮುಂದೆ ಬಹಳ ದಿನ ಅವಳನ್ನು ಸುಟ್ಟಿದ್ದು ಆ ಗುರುತು.

ಕಂಡುಕೊಂಡದ್ದನ್ನು ಜನರ ಮುಂದೆಯೇ ಇಡಬೇಕೆಂಬುದು ಅವಳ ಹಟ. ಮೂರು ತಿಂಗಳ ನಂತರ ಸಮುದಾಯ ಭವನದಲ್ಲಿ ಸಭೆ ಕರೆದಳು. ಹಂಪಕ್ಕನ ಶೆಡ್ಡಿನ ಹೊಲಿಗೆಯವರು ಬಂದರು, ಅದರ ಮಾಲೀಕ ಕಲ್ಲೇಶ ಬಂದ. ರೇವತಿ ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು, ವಯಸ್ಸನ್ನು ಐದು ವರ್ಷ ತಗ್ಗಿಸಿದ್ದಳು. ಕೆಲಸವನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಕರಡು ಓದಿದ ಮೇಡಂಗೆ ಬೆಲ್ಟೂ ಒಂದೇ, ಚೈನೂ ಒಂದೇ. ಓದಲು ಜೀವಂತವಾಗಿದೆ ಎಂದಿದ್ದರು.

"'ನಾನು ಬೆಲ್ಟು ಹೊಲಿಯುತ್ತೇನೆ'" ಎಂದು ಶುರುಮಾಡಿ ರೇವತಿ ಚಿಂದಿಯ ಮಾತಿನವರೆಗೂ ಓದಿದಳು. ದನಿಯಲ್ಲಿ ಹೆಮ್ಮೆಯಿತ್ತು.

ತಲೆಯೆತ್ತಿ ನೋಡಿದರೆ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಹಂಪಕ್ಕ ಕೂತಿದ್ದ ಮೂರನೇ ಸಾಲಿನ ಕಡೆ ತಿರುಗಿದ್ದರು.

"ಅದಕ್ಕ ನೋಡ್ರಿ, ಹಂಪಕ್ಕ ಮಧ್ಯಾಹ್ನ ಊಟಕ್ಕೂ ಸ್ಟೂಲು ಬಿಟ್ಟು ಏಳಂಗಿಲ್ಲ!" ಎಂದಳು ಈಶ್ವರಮ್ಮ. ಕೆಟ್ಟವಳಲ್ಲ ಆಕೆ, ಬಾಯಿ ತಡೆಯಲಾರದವಳು. ನಗು ಎದ್ದಿತು. ಕಲ್ಲೇಶ ತಲೆತಗ್ಗಿಸಿ ಮೊಬೈಲು ನೋಡತೊಡಗಿದ.

ಹಂಪಕ್ಕ ಎದ್ದು ಹೋಗಲಿಲ್ಲ. ಎದ್ದರೆ ಅಷ್ಟೂ ಕಣ್ಣು ಅವಳ ಸೀರೆಯ ಹಿಂಭಾಗಕ್ಕೆ ಹೋಗುತ್ತಿದ್ದವು. ಸೆರಗು ಹೊದ್ದು, ಭವನ ಪೂರ್ತಿ ಖಾಲಿಯಾಗುವವರೆಗೆ ಕೂತಿದ್ದಳು.

ಮರುದಿನ ಯಾರೋ ಅವಳ ಸ್ಟೂಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದ್ದರು. ಹಂಪಕ್ಕ ಅದನ್ನು ನೋಡಿ ಮನೆಗೆ ಹೋದವಳು ಮತ್ತೆ ಶೆಡ್ಡಿನ ಮೆಟ್ಟಿಲು ಹತ್ತಲಿಲ್ಲ.

ಮಂಜುಳಮ್ಮನಿಂದ ಸುದ್ದಿ ತಿಳಿದ ರೇವತಿ ಓಡಿಹೋದಳು. ಹಂಪಕ್ಕ ಹೊಸ್ತಿಲ ಒಳಗೆ ಅಕ್ಕಿ ಆರಿಸುತ್ತಿದ್ದಳು. ಬಾ ಎನ್ನಲಿಲ್ಲ.

"ನಾನು ಹೆಸರು ಹೇಳಲಿಲ್ಲ, ಚಿಗವ್ವಾ."

"ಹೆಸರು ಹೇಳಿದ್ರ ಚೊಲೋ ಇತ್ತು. ಊರಾಗ ಹಂಪಕ್ಕ ಅಂಬೋರು ನಾಕು ಮಂದಿ ಅದಾರ. ಆ ಶೆಡ್ಡಿನಾಗ ಬೆಲ್ಟು ಹೊಲಿಯಾಕಿ ಒಬ್ಬಾಕಿ."

ಹಂಪಕ್ಕ ಅಕ್ಕಿಯೊಳಗಿನ ಕಲ್ಲೊಂದನ್ನು ಹೆಕ್ಕಿ ಎಸೆದಳು.

"ನಿಮ್ಮವ್ವ ಹನ್ನೆರಡು ವರ್ಷ ನನ್ನ ಬಾಜೂಕ ಕುಂತಾಳ. ಆಕೀನ ಕೇಳಿದ್ಯಾ, ನೀರು ಕುಡೀತಿದ್ದಿಯೇನು ಅಂತ?"

"ಇಲ್ಲ."

"ಯಾಕ?"

ಮೂವತ್ತೆರಡು ಮನೆಗಳಲ್ಲಿ ಬಾಯಿಪಾಠವಾಗಿದ್ದ ಆ ಪ್ರಶ್ನೆಯನ್ನು ತನ್ನ ಮನೆಯ ಅಡುಗೆಕೋಣೆಯಲ್ಲಿ ಅವಳು ಒಮ್ಮೆಯೂ ಎತ್ತಿರಲಿಲ್ಲ. ಎತ್ತಬೇಕೆಂದು ಹೊಳೆದಿತ್ತು. ನಾಲಿಗೆ ಬಂದಿರಲಿಲ್ಲ.

"ನಾಚಿಕಿ ಆತು ನಿನಗ," ಎಂದಳು ಹಂಪಕ್ಕ, ಅಕ್ಕಿಯಿಂದ ಕಣ್ಣು ತೆಗೆಯದೆ. "ನಿಮ್ಮವ್ವಂದು ಮುಚ್ಚಿಟ್ಟಿ. ನಂದು ಓದಿದಿ."

ಬೈದಿದ್ದರೆ ಸಹಿಸಬಹುದಿತ್ತು. ಹಂಪಕ್ಕ ಇದ್ದದ್ದನ್ನು ಹೇಳಿದ್ದಳು, ಅಷ್ಟೇ.

ಮೇಡಂ ಫೋನಿನಲ್ಲಿ, ಕೆಲಸದ ಹೆಸರು ತೆಗೆದು ಮಾತು ಉಳಿಸಿಕೋ, ಇಡೀ ಪ್ರಬಂಧದಲ್ಲಿ ಅದೇ ಗಟ್ಟಿ ಎಂದರು. ರೇವತಿ ಹಂಪಕ್ಕ ಹೇಳಿದ್ದೆಲ್ಲವನ್ನೂ ತೆಗೆದಳು. ಧ್ವನಿಮುದ್ರಣ ಅಳಿಸಿದಳು. ಮೂವತ್ತೆರಡು ಮೂವತ್ತೊಂದಾಯಿತು. ಅದಕ್ಕೆ ಕಾರಣ ಬರೆಯಬೇಕಿತ್ತು. 'ಒಬ್ಬರು ಹಿಂದೆ ಸರಿದರು' ಎಂದು ಮೊದಲು ಬರೆದಳು. ಅದು ತಪ್ಪನ್ನು ಹಂಪಕ್ಕನ ತಲೆಗೆ ಕಟ್ಟುವ ಮಾತೆಂದು ಕಂಡಿತು. ಅಳಿಸಿ, 'ಸಂಶೋಧಕಿ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ಆದ್ದರಿಂದ ಒಬ್ಬರ ಹೇಳಿಕೆಯನ್ನು ಕೈಬಿಡಲಾಗಿದೆ' ಎಂದು ಬರೆದಳು. ಮೌಖಿಕ ಪರೀಕ್ಷೆಯ ದಿನ ಯಾರಾದರೂ ಆ ಸಾಲಿನ ಬಗ್ಗೆ ಕೇಳಲಿ ಎಂದು ಕಾದಳು. ಯಾರೂ ಕೇಳಲಿಲ್ಲ. ಪದವಿ ಬಂತು.

ಕಲ್ಲೇಶ ಪಾಯಿಖಾನೆಗೆ ಹೊಸ ಚಿಲಕ ಹಾಕಿಸಿದ, ಬಾಗಿಲನ್ನು ಹಿತ್ತಲ ಕಡೆ ತಿರುಗಿಸಿದ. ಈಗ ಹೆಂಗಸರು ಬಾಟಲಿ ತರುತ್ತಾರೆಂದು ಮಂಜುಳಮ್ಮ ಹೇಳಿದಳು. ರೇವತಿಗೆ ಖುಷಿಪಡಲು ಆಗಲಿಲ್ಲ. ಯಾರ ಮಾತಿನಿಂದ ಅದು ಆಯಿತೋ ಆಕೆ ಮನೆಯಲ್ಲಿ ಒಬ್ಬಳೇ ಕೂತು ಹಳೇ ಮಿಷಿನ್ನಿನ ಮೇಲೆ ಲಂಗ ಹೊಲಿಯುತ್ತಿದ್ದಳು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಂಪಕ್ಕ ರೇವತಿಯ ಮನೆ ಬಾಗಿಲಿಗೆ ಬಂದು ನಿಂತಳು.

"ಬಳ್ಳಾರಿಯಾಗ ಇದಕ್ಕ ಹೆಣ್ಣು ಡಾಕ್ಟ್ರು ಅದಾರಂತ, ಅವತ್ತು ನೀನ ಹೇಳಿದ್ದಿ. ಕರಕೊಂಡು ಹೋಗ್ತಿಯೇನು? ನನಗ ಆ ಆಸ್ಪತ್ರಿ ಗೊತ್ತಿಲ್ಲ."

"ಇವತ್ತ ಹೋಗೋಣು, ಚಿಗವ್ವಾ."

"ಒಳಗ ಮಾತ್ರ ನೀ ಬರಬ್ಯಾಡ. ನಾನ ಹೇಳ್ಕೊಂತೀನಿ."

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ರೇವತಿ ಹೊರಗಿನ ಬೆಂಚಿನಲ್ಲಿ ಕೂತಳು. ಹಂಪಕ್ಕ ಒಳಗೆ ಹೋಗಿ, ಬಾಗಿಲನ್ನು ತಾನೇ ಎಳೆದುಕೊಂಡಳು.

ಪಕ್ಕದಲ್ಲಿದ್ದ ಹೆಂಗಸಿಗೆ ಹೊತ್ತು ಹೋಗುತ್ತಿರಲಿಲ್ಲ. "ನಿಮ್ಮೋರೇನ್ರಿ? ಏನಾಗೇತಿ ಆಕಿಗೆ?"

"ಗೊತ್ತಿಲ್ರಿ."

"ಜೊತಿಗೆ ಬಂದೀರಿ, ಗೊತ್ತಿಲ್ಲಂದ್ರ ಹೆಂಗ?"

"ದಾರಿ ತೋರಸಾಕ ಬಂದೀನ್ರಿ."

ಒಳಗಿನಿಂದ ಹಂಪಕ್ಕನ ದನಿ ಸಣ್ಣಗೆ ಕೇಳತೊಡಗಿತು. ರೇವತಿ ಎದ್ದು, ಆ ದನಿ ಕೇಳಿಸದಷ್ಟು ದೂರದ ಬೆಂಚಿಗೆ ಹೋಗಿ ಕೂತಳು.