ನೋಡೋಣ ಎಂಬ ಮಾತಿನ ಅರ್ಥ

ನಮ್ಮ ಯಜಮಾನರ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಟದ್ದನ್ನು ನಾನು ಕೇಳಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರು ಶಾಸಕರಾಗಿದ್ದಾಗ ಬೆಳಗಾದರೆ ಜಗಲಿ ತುಂಬ ಜನ. ಎಲ್ಲರಿಗೂ ಒಂದೇ ಉತ್ತರ: “ಆಗ್ಲಿ, ನೋಡೋಣ.” ಆಗ ಹಾಗೆಂದರೆ ಕೆಲಸ ಆಯಿತೆಂದೇ ಲೆಕ್ಕ. ಮಧ್ಯಾಹ್ನದೊಳಗೆ ಸಂಬಂಧಪಟ್ಟ ಕಚೇರಿಗೆ ಹೇಳಿ ಕಳಿಸಿರುತ್ತಿದ್ದರು. ಬಂದವರಿಗೆಲ್ಲ ಕಾಫಿ ಸೋಸಿ ಸೋಸಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು, ಅದು ಬೇರೆ ಮಾತು.

ಮುಂದಿನ ಚುನಾವಣೆಯಲ್ಲಿ ಸೋತರು. ಸೋತವರನ್ನು ಪಕ್ಷದವರು ಕರೆದು ಒಂದು ಕಾಲೇಜಿನ ಆಡಳಿತ ಒಪ್ಪಿಸಿದರು. ಅಲ್ಲಿ ಸೀಟು ಕೆಲವೇ, ಕೇಳುವವರು ಊರೆಲ್ಲ. ‘ನೋಡೋಣ’ ಹಾಗೇ ಉಳಿಯಿತು, ಅರ್ಥ ಮಾತ್ರ ತಲೆಕೆಳಗಾಯಿತು. ಸಾಹೇಬರು ನೋಡೋಣ ಎಂದರೆ ಆಗುವುದಿಲ್ಲ ಎಂದು ಕಾಲೇಜಿನವರಿಗೆಲ್ಲ ಗೊತ್ತಿತ್ತು. ಹಳ್ಳಿಯವರಿಗೆ ಯಾರು ಹೇಳಬೇಕು?

ಹಿನಕಲ್ಲಿನ ಗೌಡರೊಬ್ಬರು, ಎರಡು ಚುನಾವಣೆಯಲ್ಲೂ ಇವರಿಗಾಗಿ ಬಿಸಿಲಲ್ಲಿ ಅಲೆದವರು, ಎಸ್ಸೆಸ್ಸೆಲ್ಸಿ ಪಾಸಾದ ಮಗಳಿಗೆ ಸೀಟು ಕೇಳಲು ಬಂದರು. “ಆಗ್ಲಿ, ನೋಡೋಣ” ಎಂದರು ಇವರು. ಗೌಡರು ಕೈಮುಗಿದು ನಗುನಗುತ್ತ ಹೋದರು. ಬೇರೆಲ್ಲೂ ಅರ್ಜಿ ಹಾಕಿಸಲಿಲ್ಲ.

ಕಾಲೇಜು ಶುರುವಾದ ದಿನ ಅಪ್ಪ, ಮಗಳು ನೇರ ನಮ್ಮ ಮನೆಗೇ ಬಂದರು. ಹುಡುಗಿ ಹೊಸ ಸೀರೆ ಉಟ್ಟಿದ್ದಳು. ಸೀಟೆಲ್ಲ ಭರ್ತಿಯಾಗಿದೆ ಎಂದು ಇವರು ಒಳಗೆ ಕೂತುಕೊಂಡೇ ನನ್ನ ಕೈಲಿ ಹೇಳಿಸಿದರು. ತಮ್ಮ ಬಾಯಿಂದ ಹೇಳಲು ಸಂಕೋಚವಂತೆ. ನನಗೆ ಮೈ ಉರಿದುಹೋಯಿತು.

ಗೌಡರು ತಲೆಯಾಡಿಸಿ, “ಬುದ್ಯೋರು ಪ್ರಯತ್ನ ಮಾಡಿರ್ತಾರೆ ಬುಡಿ ಅವ್ವ” ಎಂದರು. ಮಗಳು ಮಾತ್ರ ನನ್ನ ಮುಖ ನೋಡಿ, “ಆಗಕಿಲ್ಲ ಅಂತ ಅವತ್ತೇ ಅಂದ್ಬುಟ್ಟಿದ್ರೆ ಬೇರೆ ಕಡೆ ಅರ್ಜಿ ಹಾಕ್ತಿದ್ದೆ ಅಮ್ಮ. ಈ ವರ್ಸ ಓದ್ದೆ ಮನೇಲಿದ್ರೆ ನಂಗೆ ಮದ್ವೆ ಮಾಡ್ಬುಡ್ತಾರೆ” ಎಂದಳು.

ನಾನು ನೇರ ಒಳಗೆ ಹೋಗಿ ಕೇಳಿದರೆ ಇವರು, “ಆಗುತ್ತೆ ಅಂತ ನಾನೆಲ್ಲಿ ಹೇಳಿದ್ದೆ?” ಎಂದು ಪತ್ರಿಕೆ ಬಿಡಿಸಿಕೊಂಡರು.

ದೀಪಾವಳಿ ಕಳೆದ ಮೇಲೆ ಗೌಡರು ಲಗ್ನಪತ್ರಿಕೆ ಹಿಡಿದು ಬಂದರು. ಬುದ್ಧಿಯವರು ಬಂದು ಅಕ್ಷತೆ ಹಾಕಲೇಬೇಕು ಎಂದರು. ಇವರು ಜರಿಪೇಟ ಸುತ್ತಿಕೊಂಡು ಹೋದರು. ನಾನು ತಲೆನೋವೆಂದು ಮನೆಯಲ್ಲೇ ಉಳಿದೆ.

ಸಂಜೆ ಹಾರದ ಸಮೇತ ಬಂದವರು, “ಎರಡು ಮಾತಾಡಿ ಅಂತ ಬಲವಂತ ಮಾಡಿದ್ರು ಕಣೇ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಾತಾಡ್ದೆ. ಜನ ಚೆನ್ನಾಗಿ ಕೇಳಿದ್ರು” ಎಂದರು. ಆ ಹುಡುಗಿಯೂ ಬಾಸಿಂಗ ಕಟ್ಟಿಕೊಂಡು ಅಲ್ಲೇ ಕೂತು ಕೇಳಿರಬೇಕು.